ಎರಡನೇ ಸಬ್‌ವೂಫರ್ ತಂದೆ, ಸೋಫಾದಲ್ಲಿ ಮಾತ್ರ ಇನ್ನೂ ಬಾಸ್ ಇಲ್ಲ

ತಟ್ಟೆಇಡ್ಲಿ_ತುಮಕೂರು
ಎಲ್ಲರಿಗೂ ನಮಸ್ಕಾರ. ಮೊದಲ ಮಹಡಿಯ ಹಾಲ್‌ನಲ್ಲಿ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಹಾಕಿಕೊಂಡು ಎರಡು ವರ್ಷ ಆಯಿತು. ಹಾಲ್ 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟ್. ಟಿವಿ ಅಗಲದ ಗೋಡೆಯ ಮೇಲಿದೆ. 12 ಇಂಚಿನ ಸಬ್, ಅಂದರೆ ಬಾಸ್ (ತಗ್ಗಿನ ಸದ್ದು) ಮಾತ್ರ ನುಡಿಸೋ ಸಬ್‌ವೂಫರ್, ಟಿವಿಯ ಎಡ ಮೂಲೆಯಲ್ಲಿ. ಸೋಫಾ ಸರಿಯಾಗಿ ಹಾಲ್ ಮಧ್ಯಕ್ಕೆ, ಹಿಂದೆ ಅಡುಗೆಮನೆಗೆ ಓಡಾಡೋಕೆ ಜಾಗ ಬಿಟ್ಟಿದ್ದೀವಿ.

ತೊಂದರೆ ಏನಂದ್ರೆ, ಸೋಫಾದಲ್ಲಿ ಕೂತರೆ ಸ್ಫೋಟದ ದೃಶ್ಯ ಬಂದರೂ ಡಬ್ಬ ಬಡಿದ ಹಾಗೆ ಕೇಳುತ್ತೆ. ಆದರೆ ಹಿಂದಿನ ಗೋಡೆಗೆ ಒರಗಿಸಿದ ಬೆತ್ತದ ಕುರ್ಚಿಯಲ್ಲಿ ಅಮ್ಮ ಕೂರುತ್ತಾರೆ. ಅವರಿಗೆ "ಎದೆ ಢವಢವ ಅನ್ನುತ್ತೆ ಕಣೋ, ಕಡಿಮೆ ಮಾಡು" ಅನ್ನುವಷ್ಟು ಬಾಸ್.

ಅಂಗಡಿಯವರು "ಇಷ್ಟು ದೊಡ್ಡ ಹಾಲ್‌ಗೆ ಒಂದು ಸಾಲಲ್ಲ ಸರ್" ಅಂತ ಅದೇ ಮಾಡೆಲ್ ಇನ್ನೊಂದು ಕೊಟ್ಟರು. ಮೊದಲನೆಯದರ ಪಕ್ಕದಲ್ಲೇ ಇಟ್ಟು ವೈ ಕೇಬಲ್ (ಒಂದು ಔಟ್‌ಪುಟ್ ಅನ್ನು ಎರಡಾಗಿ ಒಡೆಯೋ ತಂತಿ) ಹಾಕಿ ಹೋದರು. ಈಗ ಅಮ್ಮ ಹಾಲ್‌ಗೇ ಬರ್ತಿಲ್ಲ. ಸೋಫಾದಲ್ಲಿ ಅದೇ ಡಬ್ಬ ಸದ್ದು. ಕೇಳಿದರೆ "ಹಾಗಾದ್ರೆ 15 ಇಂಚಿಂದು ತಗೊಳ್ಳಿ" ಅಂತಾರೆ. ಏನು ಮಾಡೋದು?

ಗುಡುಗು_ಮಿಂಚು
15 ಇಂಚಿಂದು ತಗೋಬೇಡಿ. ಇರೋ ಎರಡು ಸಬ್ ನಿಮಗೆ ಧಾರಾಳ ಸಾಕು. ತಪ್ಪಿರೋದು ಜಾಗದಲ್ಲಿ.

ಒಂದೇ ಮೂಲೆಯಲ್ಲಿ ಎರಡು ಬಲ್ಬ್ ಹಾಕಿದರೆ ಬೆಳಕು ಜಾಸ್ತಿ ಆಗುತ್ತೆ. ಕಂಬದ ಹಿಂದಿನ ನೆರಳು ಮಾತ್ರ ಹಾಗೇ ಇರುತ್ತೆ, ಅಲ್ವಾ? ಇಲ್ಲೂ ಅದೇ ಆಗಿದೆ. ಪಕ್ಕಪಕ್ಕ ಇಟ್ಟ ಎರಡು ಸಬ್ ಎಲ್ಲ ಕಡೆ ಹತ್ತಿರ ಹತ್ತಿರ 6 ಡಿಬಿ (ಡೆಸಿಬಲ್, ಸದ್ದಿನ ಜೋರಿನ ಅಳತೆ) ಜಾಸ್ತಿ ಕೊಡುತ್ತವೆ. ಜಾಸ್ತಿ ಇದ್ದ ಕಡೆ ಇನ್ನೂ ಜಾಸ್ತಿ. ಇಲ್ಲದ ಕಡೆ ಇಲ್ಲದ್ದೇ.

ಒಂದು ಸಣ್ಣ ಲೆಕ್ಕ. 565 ಅನ್ನು ಕೋಣೆಯ ಅಳತೆಯಿಂದ, ಅಡಿಗಳಲ್ಲಿ, ಭಾಗಿಸಿ. ನಿಮ್ಮ 18 ಅಡಿಗೆ 31 ಹರ್ಟ್ಜ್ (ಸೆಕೆಂಡಿಗೆ 31 ಕಂಪನ) ಬರುತ್ತೆ. 12 ಅಡಿಗೆ 47, 10 ಅಡಿಗೆ 56. ಈ ಕಂಪನಗಳಲ್ಲಿ ನಿಮ್ಮ ಹಾಲ್ ತಾನೇ ಕೊಳಲಿನ ಹಾಗೆ ಮೊಳಗುತ್ತೆ. 31 ಹರ್ಟ್ಜ್‌ನ ಒಂದು ಅಲೆ 36 ಅಡಿ ಉದ್ದ, ಅದರ ಅರ್ಧ ಸರಿಯಾಗಿ ನಿಮ್ಮ ಹಾಲ್‌ನಲ್ಲಿ ಕೂರುತ್ತೆ. ಒತ್ತಡ ಎರಡೂ ತುದಿಯ ಗೋಡೆ ಹತ್ತಿರ ಜಾಸ್ತಿ, ನಟ್ಟ ನಡುವೆ ಸೊನ್ನೆ. ನೀವು ಕೂತಿರೋದು ಸೊನ್ನೆಯಲ್ಲಿ, ಅಮ್ಮ ಕೂತಿರೋದು ತುದಿಯಲ್ಲಿ.

ನಂಬಿಕೆ ಬರದಿದ್ದರೆ ಫೋನ್‌ನಿಂದ 31 ಹರ್ಟ್ಜ್ ಟೋನ್ ಹಾಕಿ. ವಾಲ್ಯೂಮ್ ಕಡಿಮೆ ಇರಲಿ, ಒಂದೇ ಸ್ವರವನ್ನು ಜೋರಾಗಿ ಬಹಳ ಹೊತ್ತು ಹಾಕಿದರೆ ಕಾಯಿಲ್ ಸುಟ್ಟುಹೋಗಬಹುದು. ಟಿವಿ ಹತ್ತಿರದಿಂದ ಹಿಂದಿನ ಗೋಡೆವರೆಗೆ ಸುಮ್ನೆ ನಡೆಯಿರಿ.

ತಟ್ಟೆಇಡ್ಲಿ_ತುಮಕೂರು
ನಡೆದೆ ಸರ್. ಮೈ ಜುಮ್ ಅಂತು.

ಟಿವಿ ಹತ್ತಿರ ನಿಂತರೆ ದೂರದಲ್ಲಿ ಲಾರಿ ಆನ್ ಮಾಡಿ ನಿಲ್ಲಿಸಿದ ಹಾಗೆ ಗುಂಯ್ ಅಂತಿತ್ತು. ಒಂದೊಂದೇ ಹೆಜ್ಜೆ ಹಿಂದೆ ಬಂದೆ. ಸೋಫಾ ದಾಟೋ ಹೊತ್ತಿಗೆ ಸದ್ದು ಸೋರಿ ಹೋಯಿತು. ಯಾರೋ ಸ್ವಿಚ್ ಆರಿಸಿದರು ಅಂತ ತಿರುಗಿ ನೋಡಿದೆ, ಸಬ್‌ನ ಕೋನ್ ಹಾಗೇ ಅಲುಗಾಡುತ್ತಿತ್ತು. ಇನ್ನು ನಾಲ್ಕು ಹೆಜ್ಜೆ ಹಿಂದೆ ಹೋದರೆ ಮತ್ತೆ ಲಾರಿ. ಅಮ್ಮನ ಕುರ್ಚಿ ಹತ್ತಿರ ದೇವರಮನೆ ಬಾಗಿಲಿದೆ. ಅದರ ಚೌಕಗಳಲ್ಲಿ ಹಿತ್ತಾಳೆಯ ಸಣ್ಣ ಗಂಟೆಗಳಿವೆ. ಅವೆಲ್ಲ ಒಟ್ಟಿಗೆ ಜಿರಿಜಿರಿ ಅನ್ನುತ್ತಿದ್ದವು. ಅಮ್ಮ ಒಳಗಿಂದ "ಯಾರು ಪೂಜೆ ಮಾಡ್ತಿರೋದು?" ಅಂತ ಕೇಳಿದರು.

ಹುಬ್ಬಳ್ಳಿ_ಗಿರಮಿಟ್
ಸರ, ನಂದು ಒಂದು ಮಾತು. ಎರಡು ಸಣ್ಣದಕ್ಕಿಂತ ಒಂದು ದೊಡ್ಡದು ಯಾವತ್ತೂ ಮೇಲು. 15 ಇಂಚಿಂದು ಕೆಳಗೆ 18 ಹರ್ಟ್ಜ್‌ವರೆಗೆ ಇಳಿಯುತ್ತೆ. ಸೋಫಾದಲ್ಲಿ ಕಡಿಮೆ ಅನಿಸಿದರೆ ಈಕ್ವಲೈಸರ್‌ನಲ್ಲಿ (ಒಂದೊಂದು ಸ್ವರವನ್ನು ಬೇರೆಯಾಗಿ ಏರಿಳಿಸೋ ಸೆಟ್ಟಿಂಗ್) 31 ಹರ್ಟ್ಜ್ ಏರಿಸಿದರೆ ಆಯಿತು. ಇಷ್ಟಕ್ಕೆ ಯಾಕೆ ಇಷ್ಟು ಸರ್ಕಸ್?

ಕಡಲತೀರ_ಉಡುಪಿ
ಏರಿಸಿದರೆ ಆಗಲ್ಲ ಸರ್, ನಾನೇ ಮಾಡಿ ಕೈ ಸುಟ್ಟುಕೊಂಡವಳು. 10 ಡಿಬಿ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ಪವರ್ ಕೊಡಬೇಕು. ಅಷ್ಟು ಕೊಟ್ಟರೂ ಸೊನ್ನೆ ಇರೋ ಜಾಗದಲ್ಲಿ ತುಂಬಲ್ಲ. ಗೋಡೆಗೆ ಬಡಿದು ಬರೋ ಅಲೆಯೂ ಅಷ್ಟೇ ಏರುತ್ತೆ, ಮತ್ತೆ ಒಂದನ್ನೊಂದು ನುಂಗುತ್ತವೆ. ಸೋಫಾದಲ್ಲಿ ಏನೂ ಬರಲ್ಲ, ಅವರ ಅಮ್ಮನಿಗೆ ಮಾತ್ರ ಇನ್ನೂ 10 ಡಿಬಿ ಜಾಸ್ತಿ. ಗುಡ್ಡ ಇದ್ದರೆ ಈಕ್ವಲೈಸರ್‌ನಲ್ಲಿ ಕಡಿಯಬಹುದು. ಹೊಂಡ ಇದ್ದರೆ ಜಾಗ ಬದಲಾಯಿಸಬೇಕು, ಬೇರೆ ದಾರಿ ಇಲ್ಲ.

ಗಾತ್ರದ ಲೆಕ್ಕವನ್ನೂ ನೋಡಿ. ವ್ಯಾಸದ ವರ್ಗ ತೆಗೆದರೆ 15 ಇಂಚಿಂದು 225. ಎರಡು 12 ಸೇರಿ 288. ಕೋನ್ ಒಂದೇ ದೂರ ಅಲುಗಾಡಿದರೆ ಎರಡು 12 ಸೇರಿ ಜಾಸ್ತಿ ಗಾಳಿ ತಳ್ಳುತ್ತವೆ. ಎರಡು 10 ಇಂಚಿಂದು ಆಗಿದ್ದರೆ 200, ಆಗ ನಿಮ್ಮ ವಾದಕ್ಕೆ ತೂಕ ಇತ್ತು.

ತಟ್ಟೆಇಡ್ಲಿಯವರೇ, ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ ಅನ್ನುವವರು 2002ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಪ್ರಬಂಧ ಮಂಡಿಸಿದ್ದರು. ಆಯತದ ಕೋಣೆಯಲ್ಲಿ ಎಷ್ಟು ಸಬ್ ಇಟ್ಟರೆ ಎಲ್ಲ ಸೀಟಿಗೂ ಒಂದೇ ಥರ ಬಾಸ್ ಬರುತ್ತೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರು. ಸಾವಿರಗಟ್ಟಲೆ ಸಬ್ ಇಟ್ಟೂ ನೋಡಿದರು. ಕೊನೆಗೆ ನಾಲ್ಕು ಗೋಡೆಗಳ ಮಧ್ಯಕ್ಕೆ ಒಂದೊಂದು, ಒಟ್ಟು ನಾಲ್ಕು ಸಾಕು ಅಂತಾಯಿತು. ಎದುರು ಬದುರು ಗೋಡೆಗಳ ಮಧ್ಯಕ್ಕೆ ಎರಡೇ ಇಟ್ಟರೂ ಫಲಿತಾಂಶ ಅದಕ್ಕೆ ಬಹಳ ಹತ್ತಿರ.

ಹಾಗಾಗಿ ಒಂದು ಟಿವಿ ಕೆಳಗೆ ಸರಿಯಾಗಿ ಮಧ್ಯಕ್ಕೆ, ಇನ್ನೊಂದು ಹಿಂದಿನ ಗೋಡೆಯ ಮಧ್ಯಕ್ಕೆ ಇಡಿ. ಉದ್ದದ 31 ಹರ್ಟ್ಜ್ ಮೊಳಗು ಹುಟ್ಟಬೇಕಾದರೆ ಒಂದು ತುದಿ ತಳ್ಳುವಾಗ ಇನ್ನೊಂದು ತುದಿ ಎಳೆಯಬೇಕು. ಎರಡೂ ತುದಿಯಿಂದ ಒಟ್ಟಿಗೆ ತಳ್ಳಿದರೆ ಅದು ಏಳೋದೇ ಇಲ್ಲ. ಅಗಲದ 47ಕ್ಕೆ ಗೋಡೆಯ ಮಧ್ಯ ಅಂದರೇ ಸೊನ್ನೆ ಜಾಗ. ಸೊನ್ನೆಯಲ್ಲಿ ನಿಂತು ತಳ್ಳಿದರೆ ಅದೂ ಏಳಲ್ಲ. ಎರಡು ತಲೆನೋವು ಒಟ್ಟಿಗೆ ಹೋಗುತ್ತವೆ.

ಹುಬ್ಬಳ್ಳಿ_ಗಿರಮಿಟ್
225, 288 ಲೆಕ್ಕ ಒಪ್ಪಿದೆ ಮೇಡಂ. ಈಕ್ವಲೈಸರ್ ಮಾತನ್ನು ಇನ್ನೂ ಒಪ್ಪಿಲ್ಲ. ಭಾನುವಾರ ಮನೆಯಲ್ಲಿ ಮಾಡಿ ನೋಡುತ್ತೇನೆ.

ಹೊಸಬ_ಹಾಸನ
ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ರಿಸೀವರ್ (ಎಲ್ಲ ಸ್ಪೀಕರ್‌ಗೂ ಸದ್ದು ಹಂಚೋ ಪೆಟ್ಟಿಗೆ) ಮೇಲೆ 5.2 ಅಂತ ಬರೆದಿದ್ದರೆ ಎಡಗಡೆ ಬಾಸ್ ಒಂದಕ್ಕೆ, ಬಲಗಡೆ ಬಾಸ್ ಇನ್ನೊಂದಕ್ಕೆ ಹೋಗುತ್ತಾ?

ಗುಡುಗು_ಮಿಂಚು
ಇಲ್ಲ. ಸಿನಿಮಾದಲ್ಲಿ ಇರೋದು ಒಂದೇ ಬಾಸ್ ಚಾನೆಲ್, ಎಲ್‌ಎಫ್‌ಇ. ಅದೇ ಆ ".1". ಅದು 120 ಹರ್ಟ್ಜ್‌ವರೆಗೆ ಇರುತ್ತೆ, ಉಳಿದ ಚಾನೆಲ್‌ಗಿಂತ 10 ಡಿಬಿ ಜಾಸ್ತಿ ನುಡಿಸಬೇಕು ಅಂತ ಲೆಕ್ಕ. ಜೊತೆಗೆ ಸಣ್ಣ ಸ್ಪೀಕರ್‌ಗಳಿಂದ ಕತ್ತರಿಸಿದ ಬಾಸ್ ಕೂಡ ಸಬ್‌ಗೆ ಬರುತ್ತೆ. ".2" ಅಂದರೆ ಹಿಂದೆ ಎರಡು ತೂತಿದೆ ಅಂತ ಅಷ್ಟೇ. ಕಡಿಮೆ ಬೆಲೆಯ ರಿಸೀವರ್‌ಗಳಲ್ಲಿ ಆ ಎರಡೂ ಒಳಗೆ ಒಂದೇ ತಂತಿ. ಮೇಲಿನ ಮಾಡೆಲ್‌ಗಳಲ್ಲಿ ಪ್ರತಿ ಸಬ್‌ಗೂ ಬೇರೆ ದೂರ, ಬೇರೆ ಲೆವೆಲ್ ಕೊಡಬಹುದು. ಡೆನಾನ್ ಎಕ್ಸ್3800ಎಚ್ ಥರದವುಗಳಲ್ಲಿ ನಾಲ್ಕು ಸಬ್‌ಗೆ ಬೇರೆ ಬೇರೆ ಔಟ್‌ಪುಟ್ ಇದೆ.

ಅದು ಇಲ್ಲದಿದ್ದರೆ ಮಿನಿಡಿಎಸ್‌ಪಿ 2x4 ಎಚ್‌ಡಿ ಅನ್ನೋ ಪುಟ್ಟ ಡಬ್ಬ ಸಿಗುತ್ತೆ. ರಿಸೀವರ್‌ಗೂ ಸಬ್‌ಗಳಿಗೂ ನಡುವೆ ಕೂರುತ್ತೆ. ಆದರೆ ತಟ್ಟೆಇಡ್ಲಿಯವರ ಸೋಫಾ ನಟ್ಟ ನಡುವೆ ಇರೋದರಿಂದ ಎರಡೂ ಸಬ್ ಒಂದೇ ದೂರ. ಈಗಿನ ವೈ ಕೇಬಲ್ಲೇ ಸಾಕು. ಒಂದು ಪೈಸೆ ಖರ್ಚಿಲ್ಲ.

ಡಲ್ಲಾಸ್_ಕನ್ನಡಿಗ
ಇಲ್ಲಿ ಟೆಕ್ಸಸ್‌ನಲ್ಲಿ ನಮ್ಮ ಕಥೆ ಉಲ್ಟಾ. ಮರದ ಚೌಕಟ್ಟು, ಅದರ ಮೇಲೆ ಜಿಪ್ಸಮ್ ಬೋರ್ಡ್, ಅದೇ ಗೋಡೆ. ಬಾಸ್ ಬಂದಾಗ ಗೋಡೆಯೇ ಸ್ವಲ್ಪ ಬಾಗಿ ಶಕ್ತಿ ನುಂಗುತ್ತೆ, ಸ್ವಲ್ಪ ಹೊರಗೂ ಸೋರುತ್ತೆ. ಗುಂಯ್‌ಗಾಟ ಕಡಿಮೆ, ಆದರೆ ಸಬ್ ಜಾಸ್ತಿ ಬೇಕು. ಊರಿಗೆ ಬಂದಾಗ ಅಣ್ಣನ ಮನೆಯ ಇಟ್ಟಿಗೆ ಹಾಲ್‌ನಲ್ಲಿ 8 ಇಂಚಿನ ಸಬ್ ಕೇಳಿ ದಂಗಾದೆ. ಅಷ್ಟು ಜೋರು! ಆದರೆ ಒಂದು ಸ್ವರ ನಿಂತು ಇನ್ನೊಂದು ಶುರುವಾಗೋದೇ ತಿಳಿಯಲ್ಲ, ಎಲ್ಲ ಕಲಸು ಮೇಲೋಗರ. ಅಮೆರಿಕದ ವಿಡಿಯೋ ನೋಡಿ ನಾಲ್ಕು 18 ಇಂಚಿಂದು ತರೋಕೆ ಹೊರಟವರು ಇದನ್ನು ನೆನಪಿಟ್ಟುಕೊಳ್ಳಿ. ನಮ್ಮ ಊರಿನ ಗೋಡೆಗೆ ಅಷ್ಟು ಬೇಡ.

ತಟ್ಟೆಇಡ್ಲಿ_ತುಮಕೂರು
ಭಾನುವಾರ ಕೆಲಸ ಮುಗಿಸಿದೆ. ಹಿಂದಿನ ಗೋಡೆ ಮಧ್ಯದಲ್ಲಿ ಅಪ್ಪನ ಕಾಲದ ದಿವಾನ್ ಇತ್ತು. ಅದನ್ನು ಎಡಕ್ಕೆ ಸರಿಸೋಕೆ ಅಮ್ಮನ ಒಪ್ಪಿಗೆ ಪಡೆಯೋದು ಸಬ್ ಹೊರೋದಕ್ಕಿಂತ ಕಷ್ಟ ಆಯಿತು. "ಇಪ್ಪತ್ತು ವರ್ಷದಿಂದ ಅಲ್ಲೇ ಇದೆ, ಅದೇನು ನಿನಗೆ ಅಡ್ಡ ಬಂತು?" ಕೊನೆಗೆ ಕೇಬಲ್ ಟಿವಿ ಹುಡುಗನ ಹತ್ತಿರ 35 ಅಡಿ ಆರ್‌ಜಿ6 ವೈರ್ ತಗೊಂಡು, ಎರಡೂ ತುದಿಗೆ ಆರ್‌ಸಿಎ ಪಿನ್ ಹಾಕಿಸಿ ಗೋಡೆ ಬದಿಯಲ್ಲಿ ಎಳೆದೆ.

ಆದರೆ ಏನೋ ಎಡವಟ್ಟಾಗಿದೆ. ಸೋಫಾದಲ್ಲಿ ಕೂತರೆ ಈಗ 31 ಮಾತ್ರ ಅಲ್ಲ, ಇಡೀ ಬಾಸ್ ಮಂಗಮಾಯ! ಒಂದು ಸಬ್ ಆರಿಸಿದರೆ ವಾಪಸ್ ಬರುತ್ತೆ. ಎರಡೂ ಹಾಕಿದರೆ ಹೋಗುತ್ತೆ. ದುಡ್ಡು ಕೊಟ್ಟು ಎರಡನೆಯದು ತಂದಿದ್ದು ಮೊದಲನೆಯದನ್ನು ಸಾಯಿಸೋಕಾ? ಸಾಲದ್ದಕ್ಕೆ ಹಿಂದಿನ ಸಬ್ ಸುಮ್ನೆ ಇರುವಾಗಲೂ "ಹೂಂ" ಅಂತ ಗುನುಗುತ್ತಿದೆ.

ಕಡಲತೀರ_ಉಡುಪಿ
ಹಿಂದಿನ ಸಬ್‌ನ ಬೆನ್ನ ಮೇಲೆ ಫೇಸ್ ಸ್ವಿಚ್ 180ರಲ್ಲಿ ಇದೆಯಾ ನೋಡಿ. ಇದ್ದೇ ಇರುತ್ತೆ ಅಂತ ನನ್ನ ಅನುಮಾನ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿದೆ. ನೀವು ಇಬ್ಬರಿಗೂ ಸಮ ದೂರದಲ್ಲಿ ಕೂತಿದ್ದೀರಿ, ಎರಡೂ ಸೇರಿ ಸೊನ್ನೆ.

ಒಂದು ಸಬ್ ಆರಿಸಿದರೆ ಬಾಸ್ ಹೆಚ್ಚಾಗುತ್ತೆ ಅಂದರೆ ನೂರಕ್ಕೆ ತೊಂಬತ್ತು ಸಲ ಇದೇ ಕಾರಣ. (ಈ ತೊಂಬತ್ತು ನನ್ನ ಬಾಯಿಲೆಕ್ಕ, ಯಾರೂ ಪುರಾವೆ ಕೇಳಬೇಡಿ.)

ಬೆಸುಗೆ_ಕಡ್ಡಿ
ಗುನುಗೋದು ನನ್ನ ವಿಷಯ. ಹಿಂದಿನ ಸಬ್ ಯಾವ ಪ್ಲಗ್‌ಗೆ ಹಾಕಿದ್ದೀರಿ? ಮುಂದಿನ ಸಿಸ್ಟಮ್ ಒಂದು ಲೈನ್, ಹಿಂದಿನದು ಇನ್ನೊಂದು ಲೈನ್ ಆಗಿದ್ದರೆ ಎರಡು ಅರ್ಥಿಂಗ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತೆ. ಅದು ನಿಮ್ಮ 35 ಅಡಿ ವೈರ್‌ನ ಜಾಲರಿಯಲ್ಲಿ ಹರಿದು ಸಬ್‌ನಲ್ಲಿ ಕೇಳುತ್ತೆ. 50 ಹರ್ಟ್ಜ್ ಕರೆಂಟ್, ಸಬ್‌ಗೆ ಇಷ್ಟವಾದ ಊಟ.

ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಎರಡೂ ಸಬ್ ಮತ್ತು ರಿಸೀವರ್ ಒಂದೇ ಸಾಕೆಟ್‌ನಿಂದ ಕೊಟ್ಟು ನೋಡಿ. ಆಗಲೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಿಗುತ್ತೆ, ಆರ್‌ಸಿಎ ವೈರ್ ನಡುವೆ ಹಾಕಬೇಕು. ಅಗ್ಗದವು ಕೆಳಗಿನ ಬಾಸ್ ಸ್ವಲ್ಪ ತಿನ್ನುತ್ತವೆ, ಅದಕ್ಕೇ ಅದು ಎರಡನೇ ಮದ್ದು. ಯಾರಾದರೂ ಪ್ಲಗ್‌ನ ಮೂರನೇ (ಅರ್ಥಿಂಗ್) ಪಿನ್ ಕಿತ್ತು ಹಾಕಿ ಅಂದರೆ ಕೇಳಬೇಡಿ. ಗುನುಗು ನಿಲ್ಲುತ್ತೆ, ನಿಜ. ಒಳಗೆ ಏನಾದರೂ ಕೆಟ್ಟರೆ ಸಬ್‌ನ ಬೆನ್ನಿನ ತಗಡಿಗೇ 230 ವೋಲ್ಟ್ ಬರುತ್ತೆ. ಮನೆಯಲ್ಲಿ ವಯಸ್ಸಾದವರಿದ್ದಾರೆ.

ಹಳೇ ಇನ್ವರ್ಟರ್ ಲೈನ್‌ಗೂ ಬೇಡ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಫ್ಯಾನ್ ಕೂಡ ಗೊಣಗುತ್ತೆ, ಸಬ್ ಬಿಡುತ್ತಾ?

ತಟ್ಟೆಇಡ್ಲಿ_ತುಮಕೂರು
ಇಬ್ಬರೂ ಹೇಳಿದ್ದು ಸರಿ. ಸ್ವಿಚ್ 180ರಲ್ಲೇ ಇತ್ತು. ಸಾಗಿಸುವಾಗ ನನ್ನ ಬೆರಳೇ ತಾಗಿರಬೇಕು, ಅಂಗಡಿಯವರನ್ನು ಸುಮ್ನೆ ಬೈದೆ. ಹಿಂದಿನ ಪ್ಲಗ್ ಇನ್ವರ್ಟರ್ ಲೈನ್ ಕೂಡ ಹೌದು! ಎಕ್ಸ್‌ಟೆನ್ಷನ್ ಹಾಕಿದ ಮೇಲೆ ಗುನುಗು ನಿಂತಿತು.

ಈಗ ಸೋಫಾದಲ್ಲಿ ಬಾಸ್ ಬಂದಿದೆ. ಆದರೆ ಒಂದು ವಿಚಿತ್ರ. ಮೊದಲಿನಷ್ಟು "ಧಂ" ಅನ್ನಲ್ಲ. ಮನೆಗೆ ಬಂದ ಭಾವ "ಎರಡು ಇಟ್ಟೂ ಕಡಿಮೆ ಆಗಿದೆಯಲ್ಲೋ" ಅಂದರು. ಇನ್ನೊಂದು, ರಿಸೀವರ್‌ನ ಆಡಿಸ್ಸಿ (ಮೈಕ್‌ನಿಂದ ಅಳೆದು ಕೋಣೆಗೆ ತಕ್ಕ ಹಾಗೆ ತಾನೇ ಹೊಂದಿಸೋ ವ್ಯವಸ್ಥೆ) ಓಡಿಸಿದೆ. ಸಬ್ ದೂರ 14 ಅಡಿ ಅಂತ ತೋರಿಸುತ್ತಿದೆ. ಟೇಪ್ ಹಿಡಿದರೆ 9 ಅಡಿ. ತಿದ್ದಲಾ?

ಗುಡುಗು_ಮಿಂಚು
ತಿದ್ದಬೇಡಿ! ಅದು ಅಳೆಯೋದು ಅಡಿಯನ್ನಲ್ಲ, ಸದ್ದು ತಲುಪೋಕೆ ಹಿಡಿದ ಹೊತ್ತನ್ನು. ಸಬ್‌ನ ಒಳಗಿನ ಸರ್ಕ್ಯೂಟ್ ಕೂಡ ಕೆಲವು ಮಿಲಿಸೆಕೆಂಡ್ ತಿನ್ನುತ್ತೆ. ಒಂದು ಮಿಲಿಸೆಕೆಂಡ್ ಅಂದರೆ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ. ಆ ಹೆಚ್ಚುವರಿ 5 ಅಡಿ ಅಲ್ಲಿಂದ ಬಂದಿದ್ದು. 9 ಮಾಡಿದರೆ ಮುಂದಿನ ಸ್ಪೀಕರ್‌ಗೂ ಸಬ್‌ಗೂ ಹೊಂದಾಣಿಕೆ ತಪ್ಪಿ 80 ಹರ್ಟ್ಜ್ ಹತ್ತಿರ ಹೊಸ ಹೊಂಡ ಬೀಳುತ್ತೆ.

ನಿಮ್ಮ ಭಾವನ ಮಾತಿಗೆ ಬೇಜಾರು ಮಾಡ್ಕೋಬೇಡಿ. ನಾವೆಲ್ಲ ಗುಂಯ್‌ಗಾಟವನ್ನೇ ಬಾಸ್ ಅಂತ ತಿಳಿದು ಬೆಳೆದವರು. ಅದು ಹೋದಾಗ ಮೊದಲ ವಾರ ಉಪ್ಪಿಲ್ಲದ ಸಾರು ಅನ್ನಿಸುತ್ತೆ. ಒಂದು ವಾರ ಕೇಳಿ. ಆಮೇಲೂ ಬೇಕು ಅನ್ನಿಸಿದರೆ ಸಬ್ ಲೆವೆಲ್ 3 ಡಿಬಿ ಏರಿಸಿ, ಈಗ ಏರಿಸಿದರೆ ಎಲ್ಲ ಸೀಟಿಗೂ ಒಂದೇ ಥರ ಏರುತ್ತೆ. ಸ್ಪೀಕರ್ ಎಲ್ಲ "ಸ್ಮಾಲ್"ನಲ್ಲಿ, ಕ್ರಾಸೋವರ್ 80ರಲ್ಲಿ ಇರಲಿ, ಆಗ 80ಕ್ಕಿಂತ ಕೆಳಗಿನದು ಸಬ್‌ಗೆ ಹೋಗುತ್ತೆ. ಎಲ್‌ಎಫ್‌ಇ ಪ್ಲಸ್ ಮೇನ್ ಅನ್ನೋ ಆಯ್ಕೆ ಇದ್ದರೆ ಮುಟ್ಟಬೇಡಿ. ಮುಂದಿನ ಸ್ಪೀಕರ್ "ಲಾರ್ಜ್"ನಲ್ಲಿದ್ದಾಗ ಅದನ್ನು ಹಾಕಿದರೆ ಒಂದೇ ಬಾಸ್ ಸ್ಪೀಕರ್‌ನಲ್ಲೂ ಸಬ್‌ನಲ್ಲೂ ಬಂದು ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮ.

ಕಡಲತೀರ_ಉಡುಪಿ
ಸಾಧ್ಯವಾದರೆ ಯುಮಿಕ್-1 ಅನ್ನೋ ಅಳತೆ ಮೈಕ್ ಯಾರ ಹತ್ತಿರವಾದರೂ ಎರಡು ದಿನಕ್ಕೆ ಕೇಳಿ ಪಡೆಯಿರಿ. ಅಳೆದದ್ದನ್ನು ಗೆರೆಯಾಗಿ ತೋರಿಸೋ ಆರ್‌ಇಡಬ್ಲ್ಯೂ ತಂತ್ರಾಂಶ ಉಚಿತ. ಫೋನ್ ಮೈಕ್ ನಂಬಬೇಡಿ, ಮಾತಿಗೆ ಮಾಡಿದ ಮೈಕ್ ಅದು, ಕೆಳಗಿನ ಬಾಸ್ ಅದಕ್ಕೆ ಸರಿಯಾಗಿ ಕೇಳಲ್ಲ. ಒಂದೇ ಸೀಟಲ್ಲಿ ಅಳೆದು ಬಿಡಬೇಡಿ. ಸೋಫಾದ ಮೂರು ಸೀಟು, ಅಮ್ಮನ ಕುರ್ಚಿ, ನಾಲ್ಕೂ ಅಳೆದು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಗೆರೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಗೆದ್ದಿರಿ. 60 ಹರ್ಟ್ಜ್ ಹತ್ತಿರ ಒಂದು ಗುಡ್ಡ ಇದ್ದೇ ಇರುತ್ತೆ, ಹೆದರಬೇಡಿ. ಉದ್ದದ ಎರಡನೇ ಮೊಳಗು, 31ರ ಎರಡರಷ್ಟು, ಎದುರು ಬದುರು ಇಟ್ಟರೆ ಹೋಗಲ್ಲ. ಅದಕ್ಕೆ ನಡುಮಧ್ಯ ಅಂದರೆ ತುದಿಯ ಹಾಗೇ ಜೋರು ಜಾಗ.

ಹುಬ್ಬಳ್ಳಿ_ಗಿರಮಿಟ್
ನಾನೂ ಮನೆಯಲ್ಲಿ 31ರ ಬದಲು ನನ್ನ ಕೋಣೆಯ ಲೆಕ್ಕದ 40 ಹರ್ಟ್ಜ್ ಏರಿಸಿ ನೋಡಿದೆ ಮೇಡಂ. ನನ್ನ ಸೀಟಲ್ಲಿ ಏನೂ ಆಗಲಿಲ್ಲ. ಮೂಲೆಯ ಕಬ್ಬಿಣದ ಬೀರು ಮಾತ್ರ ಕುಣಿಯಿತು. ಸೋತೆ, ಒಪ್ಪಿದೆ. ಒಂದೇ ಸಬ್ ಇರೋರು ಏನು ಮಾಡಬೇಕು ಅದನ್ನಾದರೂ ಹೇಳಿ.

ಕಡಲತೀರ_ಉಡುಪಿ
ಸಬ್ ಅನ್ನು ನೀವು ಕೂರೋ ಸೋಫಾ ಮೇಲೆ ಇಡಿ. ಬಾಸ್ ಇರೋ ಹಾಡು ಹಾಕಿ. ಆಮೇಲೆ ನೀವು ಗೋಡೆ ಬದಿಯಲ್ಲಿ ಮಂಡಿಯೂರಿ ಅಂಬೆಗಾಲಲ್ಲಿ ಸುತ್ತಿ. ಎಲ್ಲಿ ಬಾಸ್ ಒಂದೇ ಸಮ ಕೇಳುತ್ತೋ ಅಲ್ಲಿ ಸಬ್ ಇಡಿ. ಜೋರಾಗಿ ಕೇಳೋ ಜಾಗ ಅಲ್ಲ, ಒಂದೇ ಸಮ ಕೇಳೋ ಜಾಗ. ಸೋಫಾ ಒಂದೂವರೆ ಅಡಿ ಹಿಂದೆ ಸರಿಸಿದರೂ ಎಷ್ಟೋ ಬದಲಾಗುತ್ತೆ. ಮನೆಯವರು ನೋಡಿ ನಕ್ಕರೆ ನಗಲಿ.

ತಟ್ಟೆಇಡ್ಲಿ_ತುಮಕೂರು
ಮೈಕ್ ಸಿಕ್ಕಿತು, ಅಳೆದೆ. ಮೊದಲಿನ ಹಾಗೆ ಎರಡೂ ಸಬ್ ಮೂಲೆಗೆ ಇಟ್ಟು ಅಳೆದಾಗ 31 ಹರ್ಟ್ಜ್‌ನಲ್ಲಿ ಸೋಫಾಗೂ ಅಮ್ಮನ ಕುರ್ಚಿಗೂ 22 ಡಿಬಿ ವ್ಯತ್ಯಾಸ! ಈಗ ಮುಂದೆ ಹಿಂದೆ ಇಟ್ಟ ಮೇಲೆ 5 ಡಿಬಿ. ಮೇಡಂ ಹೇಳಿದ ಗುಡ್ಡ 56ರಿಂದ 63ರವರೆಗೆ ಇತ್ತು, ಆಡಿಸ್ಸಿ ಅದನ್ನು ಬಹುಪಾಲು ಕಡಿದಿದೆ. ಸೋಫಾದ ಮೂರು ಗೆರೆ ನೋಡಿದರೆ ಒಂದೇ ಗೆರೆ ದಪ್ಪಗೆ ಎಳೆದ ಹಾಗಿದೆ.

ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರೋರನ್ನೂ ಕೇಳಿದೆ. ಗುಂಯ್ ಅನ್ನೋದು ಕಡಿಮೆ ಆಗಿದೆಯಂತೆ, ಪೂರ್ತಿ ಹೋಗಿಲ್ಲ. ರಾತ್ರಿ ಹತ್ತರ ಮೇಲೆ ಹಿಂದಿನದನ್ನು ಆರಿಸಲಾ ಅಂದುಕೊಂಡಿದ್ದೆ.

ಗುಡುಗು_ಮಿಂಚು
ಒಂದನ್ನು ಆರಿಸಿದರೆ ಹಳೇ 31 ಹರ್ಟ್ಜ್ ಲಾರಿ ವಾಪಸ್ ಬರುತ್ತೆ. ಎರಡನ್ನೂ ಇಟ್ಟು ಒಟ್ಟು ಲೆವೆಲ್ ಇಳಿಸಿ.

ತಟ್ಟೆಇಡ್ಲಿ_ತುಮಕೂರು
ಸರಿ ಸರ್. ದೇವರಮನೆ ಗಂಟೆಗಳಿಗೆ ಒಳಗಿಂದ ಚೂರು ಹತ್ತಿ ಸಿಕ್ಕಿಸಿದ್ದೆ, ಅಮ್ಮ ನೋಡಿ ಅವತ್ತೇ ಕಿತ್ತು ಹಾಕಿದರು. ಈಗ ಜಾಸ್ತಿ ಜಿರಿಜಿರಿ ಅನ್ನಲ್ಲ, ಹಾಗಾಗಿ ಬಿಟ್ಟೆ.

ಅಮ್ಮ ಹಾಲ್‌ಗೆ ವಾಪಸ್ ಬಂದಿದ್ದಾರೆ. ಈಗ ಹೊಸ ತೊಂದರೆ. ದಿವಾನ್ ಹೋದ ಜಾಗದಲ್ಲಿ ಸಬ್ ಇರೋದರಿಂದ ಅದನ್ನು ಸ್ಟೂಲ್ ಅಂದುಕೊಂಡಿದ್ದಾರೆ. ನಿನ್ನೆ ಸಿನಿಮಾ ನಡುವೆ ಅದರ ಮೇಲೆ ಕಾಫಿ ಲೋಟ ಇಟ್ಟರು. ಯುದ್ಧದ ಸೀನ್ ಬಂತು. ಲೋಟ ತಾನೇ ನಡೆದುಕೊಂಡು ಅಂಚಿನವರೆಗೆ ಹೋಯಿತು, ಕೆಳಗೆ ಬೀಳೋ ಮುಂಚೆ ಹಿಡಿದೆ. ಮೇಲೆ ಹಾಕೋಕೆ ಏನಾದರೂ ಸಿಗುತ್ತಾ?

ಬೆಸುಗೆ_ಕಡ್ಡಿ
ರಬ್ಬರ್ ಮ್ಯಾಟ್ ಕತ್ತರಿಸಿ ಹಾಕಿ. ಕ್ರೋಶಾ ಬಟ್ಟೆ ಹೊದಿಸೋದಾದರೆ ಬೆನ್ನಿನ ಆಂಪ್ಲಿಫೈಯರ್ ತಗಡು, ಪೋರ್ಟ್ ಎರಡೂ ಮುಚ್ಚದ ಹಾಗೆ ನೋಡಿಕೊಳ್ಳಿ, ಅದಕ್ಕೆ ಗಾಳಿ ಬೇಕು. ಮತ್ತೆ ಲೋಟ ಬೇರೆ ಸ್ಟೂಲ್ ಮೇಲೆ. ಆಂಪ್ಲಿಫೈಯರ್ ಒಳಗೆ ಕಾಫಿ ಹೋದ ಕೇಸು ಒಂದು ರಿಪೇರಿ ಮಾಡಿದ್ದೇನೆ, ಸಕ್ಕರೆ ಬಿಡಿಸೋಕೆ ಅರ್ಧ ದಿನ ಹಿಡಿಯಿತು.